ಕೊಲಾಬಾದಿಂದ ಖಾರ್ಘರ್‌ವರೆಗೆ: ಕನ್ನಡದ ದನಿ ಅಕ್ಷರವಾದ ಬಗೆ

ಲಿನಕ್ಸ್ ಗಣಕ ಇಟ್ಟುಕೊಂಡವರು ಕನ್ನಡದಲ್ಲಿ ನಾಲ್ಕು ಪುಟ ಬರೆಯಬೇಕಾದಾಗ ಈಗ ವಿಚಿತ್ರವಾದ ಒಂದು ಕೆಲಸ ಮಾಡುತ್ತಾರೆ. ಎದುರಿಗೆ ದೊಡ್ಡ ಪರದೆ ಇದೆ, ಒಳ್ಳೆಯ ಕೀಲಿಮಣೆ ಇದೆ. ಆದರೂ ಪಕ್ಕದಲ್ಲಿರುವ ಫೋನನ್ನು ಎತ್ತಿ ಬಾಯಿಯ ಹತ್ತಿರ ಹಿಡಿದು ಮಾತಾಡುತ್ತಾರೆ. ಮಾತು ಫೋನಿನಲ್ಲಿ ಅಕ್ಷರವಾಗುತ್ತದೆ, ಅಲ್ಲಿಂದ ಮನೆಯ ವೈಫೈ ಹಿಡಿದು ಗಣಕದ ಪರದೆಗೆ ಬಂದು ಬೀಳುತ್ತದೆ. ಠಾಣೆ, ಡೊಂಬಿವಲಿ, ಐರೋಲಿ, ಖಾರ್ಘರ್ ಕಡೆಯ ನಮ್ಮ ಸಾಫ್ಟ್‌ವೇರ್ ಹುಡುಗರಿಗೂ ಇಂಜಿನಿಯರಿಂಗ್ ಓದುವ ಮಕ್ಕಳಿಗೂ ಇದು ಹೊಸತೇನಲ್ಲ. ಆದರೆ ಈ ಸುತ್ತುಬಳಸಿನ ದಾರಿ ಏಕೆ ಬಂತು ಎಂದು ಕೇಳುತ್ತ ಹಿಂದೆ ಹಿಂದೆ ಹೋದರೆ ಆ ದಾರಿಯ ಬಹುಪಾಲು ನಮ್ಮ ಮುಂಬಯಿಯಲ್ಲೇ ಹಾದುಹೋಗುತ್ತದೆ. ಬೆಂಗಳೂರಿನಲ್ಲಿ ಕುಳಿತು ಬರೆಯುವ ಕನ್ನಡ ಗಣಕ ಚರಿತ್ರೆಗಳಲ್ಲಿ ಈ ಊರಿಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಎಂಬುದು ನನ್ನ ಹಳೆಯ ತಕರಾರು.

ಮಾತನ್ನು ಕೇಳಿ ಬರೆದುಕೊಳ್ಳುವುದು ಮುಂಬಯಿಗೆ ಬಂದ ಕನ್ನಡಿಗನ ಹಳೆಯ ಕಸುಬು. ಹೋಟೆಲಿಗೆ ಬಂದವರ ಕಥೆಯನ್ನು ನಾವು ಬೇಕಾದಷ್ಟು ಹೇಳಿಕೊಂಡಿದ್ದೇವೆ. ಅವರ ಜೊತೆಗೇ, ಮೆಟ್ರಿಕ್ ಮುಗಿಸಿ ಊರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಲೋವರ್, ಹೈಯರ್ ಪಾಸು ಮಾಡಿ, ಶಾರ್ಟ್‌ಹ್ಯಾಂಡ್ ಕಲಿತು, ಟ್ರಂಕು ಹಿಡಿದು ಬಂದವರ ದೊಡ್ಡ ದಂಡೇ ಇತ್ತು. ಫೋರ್ಟಿನ ಕಂಪನಿಗಳಲ್ಲಿ, ಬ್ಯಾಂಕುಗಳಲ್ಲಿ, ವಕೀಲರ ಕಚೇರಿಗಳಲ್ಲಿ ಅವರು ಸ್ಟೆನೋ ಆದರು. ಸಾಹೇಬ ಹೇಳುತ್ತ ಹೋಗುವುದು, ಇವರು ಗೀಟು ಎಳೆಯುತ್ತ ಹೋಗುವುದು, ಆಮೇಲೆ ಅದನ್ನು ಬೆರಳಚ್ಚು ಮಾಡುವುದು. ಐಸಾಕ್ ಪಿಟ್‌ಮನ್ 1837ರಲ್ಲಿ ಹೊರತಂದ ಶೀಘ್ರಲಿಪಿಯ ಗುಟ್ಟು ಇಷ್ಟೇ: ಕಾಗುಣಿತ ಬಿಡು, ಕಿವಿಗೆ ಬಿದ್ದದ್ದನ್ನು ಬರೆ. ಅಂದರೆ ನಮ್ಮ ಹಿಂದಿನ ತಲೆಮಾರು ದನಿಯನ್ನು ಅಕ್ಷರವಾಗಿಸುವ ಯಂತ್ರವೇ ಆಗಿ ಮೂವತ್ತು ನಲವತ್ತು ವರ್ಷ ಕೆಲಸ ಮಾಡಿತು. ಬೇರೆಯವರ ದನಿ, ಬೇರೆ ಭಾಷೆ. ಅದೇ ಜನ ಸಂಜೆ ಸಂಘದ ವರದಿಯನ್ನೋ ನಾಟಕದ ಪ್ರತಿಯನ್ನೋ ಬರೆಯಲು ಕುಳಿತರೆ ಕೈಬರಹವೇ ಗತಿ.

ಕನ್ನಡ ಬೆರಳಚ್ಚು ಯಂತ್ರ ಇರಲಿಲ್ಲವೆಂದಲ್ಲ. ಅನಂತಸುಬ್ಬರಾಯರು ಕನ್ನಡಕ್ಕೆ ಕೀಲಿಮಣೆ ರೂಪಿಸಿದ್ದರು. ಇತ್ತ ವಿಕ್ರೋಲಿಯ ಗೋದ್ರೆಜ್ ಕಾರ್ಖಾನೆ 1955ರಿಂದ ದೇಶದಲ್ಲೇ ಬೆರಳಚ್ಚು ಯಂತ್ರ ಮಾಡತೊಡಗಿತ್ತು. ತೊಂದರೆ ಇದ್ದದ್ದು ಲಿಪಿಯ ಲೆಕ್ಕದಲ್ಲಿ. ಇಂಗ್ಲಿಷಿಗೆ 26 ಅಕ್ಷರ, ದೊಡ್ಡದು ಚಿಕ್ಕದು ಸೇರಿ 52. ನಮಗೆ ವ್ಯಂಜನ, ಅದರ ಕಾಗುಣಿತ, ಅದರಡಿಯ ಒತ್ತು. ನಲವತ್ತು ಚಿಲ್ಲರೆ ಕೀಲಿಗಳಲ್ಲಿ ಇದನ್ನೆಲ್ಲ ಕೂರಿಸಬೇಕಾದರೆ ಅಕ್ಷರವನ್ನು ತುಂಡು ಮಾಡಲೇಬೇಕು. ತಲೆಕಟ್ಟು ಒಂದು ಕೀಲಿ, ಗುಡಿಸು ಒಂದು ಕೀಲಿ, ಕೊಂಬು ಇನ್ನೊಂದು. ಬೆರಳಚ್ಚುಗಾರ ಪದವನ್ನು ನೆನೆಯುತ್ತಿರಲಿಲ್ಲ, ಆಕಾರವನ್ನು ನೆನೆಯುತ್ತಿದ್ದ. ಯಂತ್ರಕ್ಕೆ ಬೇಕಾದದ್ದು ಚಿತ್ರ. ಭಾಷೆಗೆ ಇರುವುದು ಉಚ್ಚಾರ. ಈ ಎರಡರ ಜಗಳ ಬಗೆಹರಿಯದೆ ಮುಂದಿನದು ಸಾಧ್ಯವಿರಲಿಲ್ಲ.

ಜಗಳ ಬಗೆಹರಿಸಿದವರಲ್ಲಿ ಮುಖ್ಯರು ಕಿನ್ನಿಕಂಬಳ ಪದ್ಮನಾಭ ರಾವ್, ನಮಗೆಲ್ಲ ಪರಿಚಿತರಾದ ಕೆ. ಪಿ. ರಾವ್. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು, 1940ರಲ್ಲಿ ಹುಟ್ಟಿದವರು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು, ಆಮೇಲೆ ಅಚ್ಚುಮೊಳೆಯ ಜಗತ್ತಿನ ದೊಡ್ಡ ಹೆಸರಾದ ಮೊನೊಟೈಪ್‌ಗೆ ಹೋದವರು. ಅವರು ಕಂಡುಕೊಂಡದ್ದು ಹೇಳಿದರೆ ಬಹಳ ಸರಳ. ಭಾರತದ ಲಿಪಿಗಳನ್ನು ಆಕಾರವಾಗಿ ಕೀಲಿಗೆ ಹಾಕಬೇಡಿ, ದನಿಯಾಗಿ ಹಾಕಿ; ಆಕಾರವನ್ನು ಕಟ್ಟುವ ಕೆಲಸ ಗಣಕದ್ದು. ಅವರ ವಿನ್ಯಾಸದಲ್ಲಿ ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿ ಒತ್ತಿದರೆ ಸಾಕು. ಎಫ್ ಕೀಲಿ ಹಲಂತದ ಕೊಂಡಿ. ನ ಕೆಳಗೆ ನ ಒತ್ತು ಬರಬೇಕೆಂಬುದನ್ನು ಬರೆಯುವವನು ಯೋಚಿಸಬೇಕಾಗಿಲ್ಲ. ತಮ್ಮ ತಂತ್ರಾಂಶಕ್ಕೆ ಅವರಿಟ್ಟ ಹೆಸರು ಸೇಡಿಯಾಪು, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿನದು. ಅದನ್ನು ಮಾರಲಿಲ್ಲ, ಹಂಚಿದರು. 2000ದ ಸುಮಾರಿಗೆ ಕರ್ನಾಟಕ ಸರ್ಕಾರ ಮಾನ್ಯ ಮಾಡಿದ ಕೀಲಿಮಣೆಯ, ಅಂದರೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿರುವ ವಿನ್ಯಾಸದ, ಮೂಲ ಇದೇ.

ಧ್ವನಿ ಟೈಪಿಂಗ್ ಎಂಬುದನ್ನು ನಾವು ಫೋನಿನ ಕೊಡುಗೆ ಎಂದುಕೊಂಡಿದ್ದೇವೆ. ನನ್ನ ಮಟ್ಟಿಗೆ ಅದು ಆರಂಭವಾದದ್ದು ಇಲ್ಲಿ, ಬೆರಳು ಆಕಾರ ಬಿಟ್ಟು ಉಚ್ಚಾರವನ್ನು ಒತ್ತತೊಡಗಿದ ದಿನ.

ಅದೇ ಕೊಲಾಬಾದ ಟಾಟಾ ಸಂಸ್ಥೆಯಲ್ಲಿ ದನಿಯ ಇನ್ನೊಂದು ಕೆಲಸವೂ ನಡೆದಿತ್ತು. ದೇಶದ ಮೊದಲ ಸ್ವಂತ ಗಣಕಗಳಲ್ಲೊಂದಾದ ಟಿಐಎಫ್ಆರ್‌ಎಸಿ ಅಲ್ಲಿ 1960ರಲ್ಲಿ ಕೆಲಸ ಶುರುಮಾಡಿತು. ಅದನ್ನು ಕಟ್ಟಿದ ತಂಡದಲ್ಲಿದ್ದ ಪಿ. ವಿ. ಎಸ್. ರಾವ್ ಮುಂದೆ ವಾಕ್ ಸಂಶೋಧನೆಯ ಗುಂಪನ್ನು ನಡೆಸಿದರು. ಮನುಷ್ಯನ ಮಾತು ಯಂತ್ರಕ್ಕೆ ತಿಳಿಯುವಂತೆ ಮಾಡುವುದು ಆ ಗುಂಪಿನ ದಶಕಗಳ ಕೆಲಸ. 1990ರ ದಶಕದಲ್ಲಿ ಅವರು ಮಾಡಿ ತೋರಿಸಿದ ಹಿಂದಿ ವ್ಯವಸ್ಥೆ ರೈಲು ಕಾಯ್ದಿರಿಸುವಿಕೆಯ ವಿಚಾರಣೆಗೆ ಬೇಕಾಗುವ ಸುಮಾರು 200 ಪದಗಳನ್ನು ಗುರುತಿಸುತ್ತಿತ್ತು. ಇನ್ನೂರು ಪದ ಎಂದರೆ ಇಂದಿನವರಿಗೆ ನಗು ಬರಬಹುದು. ಆದರೆ ಆ ವಿಧಾನ ಬೇರೆ. ಅವರು ದನಿಯನ್ನು ಧ್ವನಿಶಾಸ್ತ್ರಜ್ಞನಂತೆ ಬಿಡಿಸಿ ನೋಡುತ್ತಿದ್ದರು: ಇದು ಸ್ವರವೋ ವ್ಯಂಜನವೋ, ಘೋಷವೋ ಅಘೋಷವೋ, ಅನುನಾಸಿಕವೋ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ನಮ್ಮ ವರ್ಣಮಾಲೆಯ ವರ್ಗೀಯ ವ್ಯಂಜನಗಳ ಪಟ್ಟಿಯೂ ಅಂಥದೇ ಒಂದು ನಕ್ಷೆಯಲ್ಲವೇ? ಕೆ. ಪಿ. ರಾಯರು ಕೀಲಿಯಿಂದ ದನಿಯತ್ತ ಹೋದರೆ ಪಿ. ವಿ. ಎಸ್. ರಾಯರು ದನಿಯಿಂದ ಅಕ್ಷರದತ್ತ ಬರುತ್ತಿದ್ದರು.

ಟಾಟಾ ಸಂಸ್ಥೆಯೊಳಗೇ ಹುಟ್ಟಿ 1985ರಲ್ಲಿ ಬೇರೆಯಾದ ಇನ್ನೊಂದು ಕೇಂದ್ರವಿದೆ, ಎನ್‌ಸಿಎಸ್‌ಟಿ, ರಾಷ್ಟ್ರೀಯ ತಂತ್ರಾಂಶ ಕೇಂದ್ರ. ಜುಹೂವಿನಲ್ಲಿದ್ದ ಅದು ನವಿ ಮುಂಬಯಿಯ ಖಾರ್ಘರ್ ನಿಲ್ದಾಣದ ಎದುರಿಗೂ ಒಂದು ಆವರಣ ಕಟ್ಟಿತು. 2003ರಲ್ಲಿ ಸಿ-ಡ್ಯಾಕ್‌ನಲ್ಲಿ ವಿಲೀನವಾಗಿ ಈಗ ಸಿ-ಡ್ಯಾಕ್ ಮುಂಬಯಿ ಎನಿಸಿಕೊಂಡಿದೆ. ಪನ್ವೇಲ್ ಲೋಕಲ್ಲಿನಲ್ಲಿ ದಿನಾ ಅದರ ಮುಂದೆ ಹಾದುಹೋಗುವ ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ: ವಿಂಡೋಸ್‌ನಲ್ಲಿ ವರ್ಷಗಟ್ಟಲೆ ನಾವು ಕನ್ನಡ ಓದಿದ ‘ತುಂಗಾ’ ಅಕ್ಷರ ಎನ್‌ಸಿಎಸ್‌ಟಿಯಲ್ಲಿ ಮೂಡಿದ್ದು. ಅಕ್ಷರಕಲಾವಿದ ರಘುನಾಥ ಕೃಷ್ಣ ಜೋಶಿ ಅವರ ನಿರ್ದೇಶನದಲ್ಲಿ ವಿನಯ ಸಾಯನೇಕರ್ ಅದನ್ನು ರೂಪಿಸಿದರು. ದೇವನಾಗರಿಯ ‘ಮಂಗಲ್’ ಕೂಡ ಜೋಶಿಯವರದೇ. ಐಐಟಿ ಮುಂಬಯಿಯಲ್ಲಿ ಪಾಠ ಹೇಳಿದ, ಮರಾಠಿಯಲ್ಲಿ ಕವಿತೆ ಬರೆದ ಈ ಮನುಷ್ಯ 2008ರಲ್ಲಿ ತೀರಿಕೊಂಡರು. ಕನ್ನಡಕ್ಕೆ ಇಷ್ಟು ಮಾಡಿದ ಒಬ್ಬ ಮರಾಠಿಗನಿಗೆ ನಮ್ಮ ಸಂಘಗಳ ಯಾವ ವೇದಿಕೆಯಲ್ಲೂ ಒಂದು ಸ್ಮರಣೆ ನಡೆದದ್ದನ್ನು ನಾನಂತೂ ನೋಡಿಲ್ಲ.

ಲಿನಕ್ಸಿಗೆ ಭಾರತೀಯ ಲಿಪಿಗಳನ್ನು ಕಲಿಸುವ ‘ಇಂಡಿಕ್ಸ್’ ಎಂಬ ಯೋಜನೆಯೂ ಎನ್‌ಸಿಎಸ್‌ಟಿಯಲ್ಲೇ ನಡೆಯಿತು. ಆಗ ಲಿನಕ್ಸಿನಲ್ಲಿ ಕನ್ನಡ ತೆರೆದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ನಿಲ್ಲುತ್ತಿತ್ತು, ದೀರ್ಘ ಎಲ್ಲೋ, ಅಕ್ಷರ ಎಲ್ಲೋ. ಪರದೆಯ ಮೇಲೆ ಚಿತ್ರ ಬಿಡಿಸುವ ತಳಮಟ್ಟದ ಪದರಕ್ಕೇ ನಮ್ಮ ಲಿಪಿಗಳ ನಿಯಮ ಸೇರಿಸಿಬಿಟ್ಟರೆ ಮೇಲಿನ ಎಲ್ಲ ತಂತ್ರಾಂಶಗಳೂ ತಾವಾಗಿಯೇ ಸರಿಹೋಗುತ್ತವೆ ಎಂಬುದು ಇಂಡಿಕ್ಸ್‌ನ ಯೋಚನೆ. ಜಗತ್ತಿನ ಲಿನಕ್ಸ್ ಮಂದಿ ಆ ದಾರಿ ಹಿಡಿಯಲಿಲ್ಲ, ಮೇಲಿನ ಪದರದಲ್ಲೇ ಆ ಕೆಲಸ ಮಾಡಿಕೊಂಡರು. ಸೋತ ಯೋಜನೆ ಎಂದು ತಳ್ಳಿಹಾಕಬಹುದು. ಆದರೆ ಪ್ರಶ್ನೆಯನ್ನು ಮೊದಲು ಕೇಳಿದವರಲ್ಲಿ ಇವರೂ ಇದ್ದರು.

ವಾಶಿ ಸೇತುವೆಯ ಈಚೆಗೆ ಕಾಣುವ ಟ್ರಾಂಬೆಯಲ್ಲಿ, ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ರಸಾಯನ ವಿಜ್ಞಾನಿಯಾಗಿ ಸುಮಾರು 15 ವರ್ಷ ಇದ್ದವರು ಯು. ಬಿ. ಪವನಜ. 1996ರಲ್ಲಿ ಅವರು ‘ವಿಶ್ವ ಕನ್ನಡ’ ಎಂಬ ಅಂತರಜಾಲ ಪತ್ರಿಕೆ ತಂದರು. ಕನ್ನಡದ ಮೊದಲ ಜಾಲತಾಣ ಅದೇ. ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಬಂದು ಒಂದು ವರ್ಷವಷ್ಟೇ ಆಗಿತ್ತು. ನೀವು ಈಗ ಓದುತ್ತಿರುವಂಥ ಮಿಂಬರಹದ ಪತ್ರಿಕೆಗಳ ಅಜ್ಜ ಹುಟ್ಟಿದ್ದು ಹೀಗೆ.

ಆ ನಂತರದ ಹತ್ತು ವರ್ಷದ ಕಥೆ ಎಲ್ಲರಿಗೂ ಗೊತ್ತು, ಬೇಗ ದಾಟುತ್ತೇನೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಆಮೇಲೆ ‘ನುಡಿ’ ಬಂತು. ಎರಡೂ ವಿಂಡೋಸಿಗೆ ಮಾಡಿದ್ದು. ಎರಡೂ ಮೊದಲಿಗೆ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಣುಕು ಕೂರಿಸುವ ಹಳೆಯ ಫಾಂಟುಗಳನ್ನು ನಂಬಿದ್ದವು. 1991ರಲ್ಲೇ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ 128 ಮನೆ ಕೊಟ್ಟಿದ್ದರೂ ನಾವು ಆ ಮನೆಗೆ ವಾಸಕ್ಕೆ ಹೋದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಬರೆದ ಸಾವಿರಾರು ಕಡತಗಳನ್ನು ಲಿನಕ್ಸಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನಮ್ಮ ಎಷ್ಟೋ ಸಂಘಗಳ ಬೆಳ್ಳಿಹಬ್ಬ, ಸುವರ್ಣ ಸಂಚಿಕೆಗಳ ಮೂಲಪ್ರತಿ ಇಂದಿಗೂ ಆ ಸ್ಥಿತಿಯಲ್ಲೇ ಸಿ.ಡಿ.ಗಳಲ್ಲಿ ಕುಳಿತಿವೆ. 2004ರಲ್ಲಿ ರೆಡ್ ಹ್ಯಾಟ್ ‘ಲೋಹಿತ್’ ಫಾಂಟುಗಳನ್ನು ಮುಕ್ತವಾಗಿ ಕೊಟ್ಟ ಮೇಲೆ ಲಿನಕ್ಸಿನಲ್ಲಿ ಕನ್ನಡ ಓದುವುದು ಸಲೀಸಾಯಿತು. ಬರೆಯಲು ಐಬಸ್ ಬಂತು. ಕೆ. ಪಿ. ರಾಯರ ವಿನ್ಯಾಸ ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರಿನಲ್ಲೇ ಸೇರಿತು. ಏನನ್ನೂ ಹೊಸದಾಗಿ ಹಾಕಿಕೊಳ್ಳಬೇಕಿಲ್ಲ, ಆಯ್ದುಕೊಂಡರೆ ಸಾಕು.

ಹೀಗೆ ಓದು ಬಂತು, ಬೆರಳಿನ ಬರಹವೂ ಬಂತು. ಮಾತು ಬರಲಿಲ್ಲ.

ಏಕೆ ಬರಲಿಲ್ಲ ಎಂಬುದಕ್ಕೆ ಕಾರಣ ಲೆಕ್ಕದ್ದು. ಟಾಟಾ ಸಂಸ್ಥೆಯ ಕಾಲದ ವಿಧಾನದಲ್ಲಿ ವಿದ್ವಾಂಸ ಯಂತ್ರಕ್ಕೆ ನಿಯಮ ಹೇಳಿಕೊಡುತ್ತಿದ್ದ. ಆಮೇಲೆ ಜಗತ್ತು ಹಿಡಿದ ದಾರಿಯಲ್ಲಿ ಯಂತ್ರ ತಾನೇ ಕೇಳಿ ಕೇಳಿ ಕಲಿಯುತ್ತದೆ. ಅದಕ್ಕೆ ಸಾವಿರಾರು ಗಂಟೆಗಳ ಮಾತು ಬೇಕು, ಆ ಮಾತಿನ ಬರಹ ಬೇಕು, ಅದನ್ನು ಅರೆಯುವ ಗಣಕಗಳ ಸಾಲು ಬೇಕು. ಸ್ವಯಂಸೇವಕರು ರಾತ್ರಿ ಕುಳಿತು ಅನುವಾದ ಮಾಡಬಹುದು, ಫಾಂಟು ತಿದ್ದಬಹುದು. ಸಾವಿರ ಗಂಟೆ ಮಾತು ಕೂಡಿಹಾಕುವುದು ಅವರ ಕೈಮೀರಿದ್ದು. ಕನ್ನಡದಲ್ಲಿ ಆ ಕಷ್ಟವನ್ನು ಹೊತ್ತವರು ಇಲ್ಲವೆಂದಲ್ಲ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ಸಂಸ್ಥೆಯವರು ರೈತರ ದನಿಯನ್ನು ಅವರಿರುವಲ್ಲಿಯೇ ಹೋಗಿ ಕೂಡಿಸಿ, ಕೃಷಿ ಉತ್ಪನ್ನಗಳ ಬೆಲೆಯನ್ನೂ ಹವಾಮಾನವನ್ನೂ ಫೋನಿನಲ್ಲಿ ಕನ್ನಡದಲ್ಲಿ ಕೇಳಿ ತಿಳಿಯುವ ವ್ಯವಸ್ಥೆಯೊಂದನ್ನು ಕಟ್ಟಿ 2017ರಲ್ಲಿ ಅದರ ಪ್ರಬಂಧ ಪ್ರಕಟಿಸಿದರು. ಹೊಲದ ಗಾಳಿ, ದಾರಿಯ ಸದ್ದು, ಊರೂರಿನ ಉಚ್ಚಾರ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಕೆಲಸ ಅದು. ಆದರೆ ಅದು ಒಂದು ಕೆಲಸಕ್ಕೆಂದೇ ಕಟ್ಟಿದ್ದು. ಕಥೆ ಬರೆಯುವವರಿಗೆ ಒದಗುವಂಥದಲ್ಲ.

ಅದೇ 2017ರ ಆಗಸ್ಟಿನಲ್ಲಿ ಗೂಗಲ್ ತನ್ನ ಧ್ವನಿ ಟೈಪಿಂಗಿಗೆ 30 ಭಾಷೆಗಳನ್ನು ಸೇರಿಸಿತು. ಅದರಲ್ಲಿ ಎಂಟು ಭಾರತದವು, ಕನ್ನಡವೂ ಒಂದು. ಅಂದಿನಿಂದ ಆಂಡ್ರಾಯ್ಡ್ ಫೋನಿನ ಕೀಲಿಮಣೆಯ ಮೂಲೆಯಲ್ಲಿರುವ ಮೈಕಿನ ಗುರುತು ಕನ್ನಡ ತಿಳಿಯತೊಡಗಿತು. ಲಿನಕ್ಸಿನಲ್ಲಿ ಆ ಮೈಕು ಇಲ್ಲ. ಕ್ರೋಮ್ ಬ್ರೌಸರಿನೊಳಗೆ ಗೂಗಲ್ ಡಾಕ್ಸ್ ತೆರೆದರೆ ಧ್ವನಿ ಟೈಪಿಂಗ್ ಉಂಟು, ಅದು ಲಿನಕ್ಸಿನಲ್ಲೂ ನಡೆಯುತ್ತದೆ. ಆದರೆ ಆ ಒಂದು ಪುಟದೊಳಗೆ ಮಾತ್ರ. ಲಿಬ್ರೆ ಆಫೀಸಿನಲ್ಲೋ ಬೇರೆ ಸಂಪಾದಕದಲ್ಲೋ ಬರೆಯುವವರಿಗೆ ಅದು ದಕ್ಕುವುದಿಲ್ಲ. ಜೊತೆಗೆ ಹಳೆಯ ಡೆಸ್ಕ್‌ಟಾಪುಗಳಿಗೆ ಒಳ್ಳೆಯ ಮೈಕೇ ಇರುವುದಿಲ್ಲ. ಫೋನಿನ ಮೈಕು ಬಾಯಿಗೆ ಹತ್ತಿರ. ಡೊಂಬಿವಲಿಯ ಫ್ಲ್ಯಾಟುಗಳಲ್ಲಿ ಕಿಟಕಿಯಾಚೆ ಲೋಕಲ್ಲಿನ ಸದ್ದು, ಪಕ್ಕದ ಮನೆಯ ಕುಕ್ಕರಿನ ಸೀಟಿ ಇರುವಾಗ ಈ ಹತ್ತಿರವೇ ದೊಡ್ಡ ಲಾಭ.

ಹಾಗಾಗಿ ಉಳಿದದ್ದು ಸೇತುವೆಯ ಪ್ರಶ್ನೆ. ಫೋನಿನಲ್ಲಿ ಆದ ಅಕ್ಷರ ಗಣಕಕ್ಕೆ ಹೇಗೆ ದಾಟಬೇಕು? ತನಗೆ ತಾನೇ ವಾಟ್ಸಾಪ್ ಕಳಿಸಿಕೊಂಡು ಗಣಕದಲ್ಲಿ ತೆರೆದು ಅಂಟಿಸುವವರು ಈಗಲೂ ಇದ್ದಾರೆ. ಕೆಲಸ ನಡೆಯುತ್ತದೆ, ಆದರೆ ಒಂದು ಪ್ಯಾರಾಕ್ಕೆ ಎರಡು ಸಲ ಲಗಾಮು ಹಿಡಿದಂತೆ. ಸರಿಯಾದ ಸೇತುವೆ ಕಟ್ಟಿದವರು ಕೆಡಿಇ ಎಂಬ ಲಿನಕ್ಸ್ ಬಳಗದವರು. 2013ರಲ್ಲಿ ಗೂಗಲ್ಲಿನ ಬೇಸಿಗೆ ಕಾರ್ಯಕ್ರಮದಡಿ ಆಲ್ಬರ್ಟ್ ವಾಕಾ ಎಂಬ ವಿದ್ಯಾರ್ಥಿ ಶುರುಮಾಡಿದ ‘ಕೆಡಿಇ ಕನೆಕ್ಟ್’ ಫೋನನ್ನೂ ಗಣಕವನ್ನೂ ಒಂದೇ ವೈಫೈಯಲ್ಲಿ ಜೋಡಿಸುತ್ತದೆ. ಫೋನನ್ನು ಮೌಸು ಮಾಡಬಹುದು, ಕೀಲಿಮಣೆ ಮಾಡಬಹುದು. ಕೀಲಿಮಣೆ ಎಂದರೆ ಫೋನಿನ ಕೀಲಿಮಣೆ, ಅದರ ಮೂಲೆಯ ಮೈಕು ಸಮೇತ. ಕನ್ನಡದ ಧ್ವನಿ ಟೈಪಿಂಗಿಗಾಗಿ ಯಾರೂ ಇದನ್ನು ಮಾಡಲಿಲ್ಲ. ಸೋಫಾದಲ್ಲಿ ಕುಳಿತು ಸಿನಿಮಾ ನಿಲ್ಲಿಸಲು ಆಗಲಿ ಎಂದು ಮಾಡಿದ ಸಾಧನ ನಮ್ಮ ಪಾಲಿಗೆ ಲೇಖನಿಯಾಯಿತು. ಗ್ನೋಮ್ ಬಳಸುವವರಿಗೆ ಇದೇ ಕೆಲಸವನ್ನು ‘ಜಿಎಸ್ ಕನೆಕ್ಟ್’ ಮಾಡುತ್ತದೆ.

ಇಲ್ಲಿ ಒಂದು ಸೋಜಿಗವನ್ನು ವಿವರಿಸಲೇಬೇಕು. ಲಿನಕ್ಸಿನ ತಿರುಳಿಗೆ ‘ಕ’ ಎಂಬ ಅಕ್ಷರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎರಡನೇ ಸಾಲಿನ ಇಷ್ಟನೇ ಕೀಲಿ ಒತ್ತಿತು ಎಂಬುದಷ್ಟೇ. ಆ ಕೀಲಿಗೆ ಯಾವ ಅಕ್ಷರ ಎಂಬುದನ್ನು ಮೇಲಿನ ಪದರ ನಿರ್ಧರಿಸುತ್ತದೆ. ಫೋನಿನಿಂದ ‘ಕ’ ಬಂದಾಗ ಅದಕ್ಕೆ ಕೀಲಿಯೇ ಇಲ್ಲ. ಆದ್ದರಿಂದ ಹಳೆಯ ಎಕ್ಸ್ ವ್ಯವಸ್ಥೆಯಲ್ಲಿ ಒಂದು ಉಪಾಯ ಮಾಡಿದರು: ಯಾರೂ ಬಳಸದ ಕೀಲಿಯೊಂದನ್ನು ಕ್ಷಣಕಾಲ ಎರವಲು ತಂದು, ಅದರ ಮೇಲೆ ‘ಕ’ ಎಂದು ಬರೆದು, ಅದನ್ನು ಒತ್ತಿದಂತೆ ನಟಿಸಿ, ಮತ್ತೆ ಅಳಿಸಿ ‘ನ’ ಎಂದು ಬರೆದು, ಹೀಗೆ. ಕಣ್ಣಿಗೆ ಕಾಣದ ಈ ನಾಟಕ ಬಹಳ ವೇಗವಾಗಿ ನಡೆಯುವುದರಿಂದ ಒಮ್ಮೊಮ್ಮೆ ಒಂದು ಪಾತ್ರ ರಂಗಕ್ಕೆ ಬರುವುದೇ ಇಲ್ಲ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಬಿದ್ದುಹೋದರೆ ಅಚ್ಚಿನ ದೋಷವೆನ್ನಬಹುದು. ಕನ್ನಡದಲ್ಲಿ ನಡುವಿನ ಹಲಂತ ಬಿದ್ದರೆ ‘ಕನ್ನಡ’ ಹೋಗಿ ‘ಕನನಡ’ ಆಗುತ್ತದೆ. ಒಂದೊಂದು ಒತ್ತಕ್ಷರವೂ ಮೂರು ತುಣುಕಾಗಿ ದಾಟಬೇಕಾದ ಭಾಷೆಗೆ ತೆಪ್ಪದ ತೂತು ಬೇಗ ಕಾಣುತ್ತದೆ.

ಎಕ್ಸ್ ವ್ಯವಸ್ಥೆಯ ಜಾಗಕ್ಕೆ ಬಂದ ವೇಲ್ಯಾಂಡ್ ಈ ನಾಟಕಕ್ಕೇ ಬಾಗಿಲು ಹಾಕಿತು. ಯಾವುದೋ ತಂತ್ರಾಂಶ ಇನ್ನೊಂದರೊಳಗೆ ಕೀಲಿ ಒತ್ತಿದಂತೆ ನಟಿಸುವುದು ಕಳ್ಳನಿಗೂ ಅನುಕೂಲ ಎಂಬುದು ಅವರ ವಾದ, ಅದು ಸರಿಯೇ. 2021ರಿಂದ ಉಬುಂಟು ಕೂಡ ಸಹಜವಾಗಿ ವೇಲ್ಯಾಂಡನ್ನೇ ಕೊಡತೊಡಗಿದಾಗ, ನಿನ್ನೆಯವರೆಗೆ ನಡೆದದ್ದು ಇಂದು ನಿಂತಿತೆಂಬ ಗೋಳು ಎಷ್ಟೋ ಜನರದು. ಈಗ ಬಳಕೆದಾರನ ಅನುಮತಿ ಕೇಳಿ ದಾಟಿಸುವ ವ್ಯವಸ್ಥೆ ಬಂದಿದೆ. ಫೋನಿನ ಕಡೆಯಲ್ಲೂ ಹೀಗೆಯೇ ಒಂದು ಬಾಗಿಲು ಮುಚ್ಚಿತು. 2019ರ ಆಂಡ್ರಾಯ್ಡ್ 10ರಿಂದ ಹಿನ್ನೆಲೆಯಲ್ಲಿರುವ ತಂತ್ರಾಂಶ ನಕಲು ಹಲಗೆಯನ್ನು ಇಣುಕುವಂತಿಲ್ಲ. ಮೊದಲು ಫೋನಿನಲ್ಲಿ ನಕಲು ಮಾಡಿದ್ದು ತಾನೇ ಗಣಕಕ್ಕೆ ಬರುತ್ತಿತ್ತು. ಈಗ ‘ಕಳಿಸು’ ಎಂದು ಒತ್ತಬೇಕು. ನನ್ನ ಕೇಳಿದರೆ ಉದ್ದದ ಬರಹಕ್ಕೆ ಇದೇ ಮೇಲು. ಫೋನಿನ ಟಿಪ್ಪಣಿಯಲ್ಲಿ ಒಂದು ಪ್ಯಾರಾ ಮಾತಾಡಿ, ಕಣ್ಣಾಡಿಸಿ, ನಕಲು ಮಾಡಿ ಕಳಿಸಿದರೆ ಹಲಂತ ಬೀಳುವುದಿಲ್ಲ, ಏಕೆಂದರೆ ಇಲ್ಲಿ ಕೀಲಿಯ ನಾಟಕವೇ ಇಲ್ಲ, ಪಠ್ಯ ಇಡಿಯಾಗಿ ದಾಟುತ್ತದೆ. ಹಾಸ್ಟೆಲ್ಲು, ಪಿ.ಜಿ.ಗಳಲ್ಲಿ ಇರುವ ವಿದ್ಯಾರ್ಥಿಗಳಿಗೆ ಒಂದು ಮಾತು: ಅಲ್ಲಿನ ವೈಫೈ ಒಂದು ಸಾಧನಕ್ಕೆ ಇನ್ನೊಂದು ಕಾಣದಂತೆ ಮಾಡಿರುತ್ತದೆ, ಎಷ್ಟು ಹುಡುಕಿದರೂ ಜೋಡಿಯಾಗದು. ಫೋನಿನ ಹಾಟ್‌ಸ್ಪಾಟಿಗೆ ಗಣಕವನ್ನು ಸೇರಿಸಿಕೊಳ್ಳಿ. ಗಣಕದ ಫೈರ್‌ವಾಲ್ ಅಡ್ಡ ಬಂದರೆ 1714ರಿಂದ 1764ರವರೆಗಿನ ಪೋರ್ಟುಗಳನ್ನು ಬಿಟ್ಟುಕೊಡಬೇಕು.

ಇಷ್ಟೆಲ್ಲ ಸಾಹಸ ಯಾರಿಗಾಗಿ? ಬೆರಳು ಪಳಗಿದವರಿಗೆ ಇದು ಬೇಕಿಲ್ಲ, ಕಗಪದಲ್ಲಿ ಅವರು ಮಾತಿನಷ್ಟೇ ವೇಗ. ಇದರ ಅಗತ್ಯ ಇರುವುದು ಮುಂಬಯಿ ಕನ್ನಡಿಗರಲ್ಲಿ ಎರಡು ಬಗೆಯ ಜನಕ್ಕೆ. ಒಂದು, ನಮ್ಮ ಮಕ್ಕಳಿಗೆ. ಮಹಾನಗರ ಪಾಲಿಕೆ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆ ನಡೆಸಿದ ಊರು ಇದು. ದುಡಿಯುವ ಹುಡುಗರಿಗಾಗಿ ಕನ್ನಡದ ರಾತ್ರಿಶಾಲೆಗಳಿದ್ದ ಊರು. ಕುಟುಂಬಗಳು ಮಾಟುಂಗಾ, ಫೋರ್ಟ್ ಬಿಟ್ಟು ಕಲ್ಯಾಣ, ಡೊಂಬಿವಲಿ, ವಾಶಿಗೆ ಬಂದ ಹಾಗೆ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು. ಕನ್ನಡಿಗರ ಸಂಘಗಳೇ ಇಂಗ್ಲಿಷ್ ಮಾಧ್ಯಮದ ಶಾಲೆ ನಡೆಸುವ ಕಾಲ ಬಂತು. ಆ ಮಕ್ಕಳು ಮರಾಠಿ, ಹಿಂದಿಯಿಂದಾಗಿ ದೇವನಾಗರಿ ಚೆನ್ನಾಗಿ ಓದುತ್ತಾರೆ. ಮನೆಯಲ್ಲಿ ಕನ್ನಡ ನಿರರ್ಗಳ. ಕನ್ನಡ ಲಿಪಿ ಮಾತ್ರ ಅವರ ಕೈಗೆ ಹತ್ತಲಿಲ್ಲ. ಕಿವಿಯಲ್ಲಿ ಮಾತ್ರ ಉಳಿದ ಭಾಷೆ ಅವರದು. ಅಂಥವರು ಈಗ ಫೋನಿಗೆ ಮಾತಾಡಿ ನಮ್ಮಂಥ ಪತ್ರಿಕೆಗಳಿಗೆ ಬರಹ ಕಳಿಸುತ್ತಿದ್ದಾರೆ. ತಾವು ಬರೆದದ್ದನ್ನು ತಾವೇ ಸರಾಗವಾಗಿ ಓದಲಾರರು. ಯಂತ್ರದಿಂದಲೇ ಓದಿಸಿ ಕೇಳಿ ತಿದ್ದುತ್ತಾರೆ. ಇದನ್ನು ಬರವಣಿಗೆ ಎನ್ನಬಹುದೇ ಎಂದು ಮೂಗು ಮುರಿಯುವವರು ನಮ್ಮಲ್ಲಿದ್ದಾರೆ. ತಾನೇ ಬರೆಯದೆ ಹೇಳಿ ಬರೆಯಿಸಿದ ಕವಿಗೆ ಗಣಪತಿಯೇ ಲಿಪಿಕಾರನಾದ ದೇಶದಲ್ಲಿ ಆ ಆಕ್ಷೇಪ ನಿಲ್ಲಲಾರದು.

ಇನ್ನೊಂದು, ಹಿರಿಯರಿಗೆ. ರಾತ್ರಿಶಾಲೆಯಲ್ಲಿ ಅರ್ಧ ಓದಿ ಕ್ಯಾಂಟೀನಿನಲ್ಲೇ ಜೀವ ಸವೆಸಿ ಈಗ ಕಲ್ಯಾಣದ ಕಡೆ ಮಗನ ಮನೆಯಲ್ಲಿರುವವರು, ಕೈ ನಡುಗುವವರು, ಕಣ್ಣಿಗೆ ಪೊರೆ ಬಂದವರು. ಈ ಊರಿನ ಐವತ್ತು ವರ್ಷ ಅವರ ಬಾಯಲ್ಲಿದೆ, ಬೇರೆಲ್ಲೂ ಇಲ್ಲ. ಅವರಿಂದ ಮಾತಾಡಿಸಿ ಬರೆಸಿಕೊಳ್ಳುವ ಕೆಲಸಕ್ಕೆ ಕೂತಾಗಲೇ ಯಂತ್ರದ ಗುಣ ಗೊತ್ತಾಗುವುದು. ಅದಕ್ಕೆ ಪತ್ರಿಕೆಯ ಕನ್ನಡ ಚೆನ್ನಾಗಿ ಬರುತ್ತದೆ. ‘ಹೋಗುತ್ತೇನೆ’ ಎಂದರೆ ತಪ್ಪದೆ ಬರೆಯುತ್ತದೆ. ಕುಂದಾಪುರದ ಅಜ್ಜ ‘ಹ್ವಾಪ’, ‘ಹೋಯ್ಕ್’ ಎಂದಾಗ, ವಿಜಯಪುರದ ಕಡೆಯ ಅಜ್ಜಿ ‘ಏನ್ ಮಾಡಾಕತ್ತೀರಿ’ ಎಂದಾಗ ಅದು ತನಗೆ ಗೊತ್ತಿರುವ ಯಾವುದೋ ಪದವನ್ನು ಹುಡುಕಿ ಹಾಕುತ್ತದೆ. ನಡುವೆ ತುಳುವೋ ಮರಾಠಿಯೋ ಬಂದರಂತೂ ಮುಗಿಯಿತು; ‘ಖೋಲಿ’, ‘ಗಿರಣಿ’, ‘ಪಗಾರ’ ಇಲ್ಲದೆ ಮುಂಬಯಿಯ ಕಥೆ ಹೇಳುವುದು ಹೇಗೆ? ನಿಲ್ಲಿಸುವ ಗುರುತುಗಳೂ ಇಲ್ಲ. ನನ್ನ ಫೋನಿಗೆ ‘ಪೂರ್ಣವಿರಾಮ’ ಎಂದರೆ ಆ ಪದವನ್ನೇ ಭಕ್ತಿಯಿಂದ ಬರೆದಿಡುತ್ತದೆ. ಕೆಲವು ಹಿರಿಯರು ಎರಡು ಸಲ ಸೋತ ಮೇಲೆ ತಾವೇ ತಮ್ಮ ಮಾತನ್ನು ತಿದ್ದಿಕೊಂಡು ರೇಡಿಯೋ ವಾರ್ತೆಯವರಂತೆ ಮಾತಾಡಲು ಶುರುಮಾಡುತ್ತಾರೆ. ನನಗೆ ಭಯವಾಗುವುದು ಆಗ. ಯಂತ್ರ ತಪ್ಪು ಬರೆದರೆ ತಿದ್ದಬಹುದು. ಹೇಳುವವನೇ ಯಂತ್ರಕ್ಕೆ ಬೇಕಾದಂತೆ ಹೇಳತೊಡಗಿದರೆ ಕಳೆದುಹೋದದ್ದು ಏನೆಂದೇ ಆಮೇಲೆ ಗೊತ್ತಾಗದು. ಆದ್ದರಿಂದ ನಾವು ಕೆಲವರು ಮಾಡಿಕೊಂಡ ಕ್ರಮ ಇದು: ಧ್ವನಿ ಟೈಪಿಂಗ್ ನಡೆಯುವಾಗಲೇ ಇನ್ನೊಂದು ಫೋನಿನಲ್ಲಿ ದನಿಯನ್ನು ಹಾಗೆಯೇ ಮುದ್ರಿಸಿಡುವುದು. ಬರಹ ಒಂದು ಕರಡು, ಮೂಲ ಅಲ್ಲಿದೆ.

ಲಿನಕ್ಸ್ ಹಿಡಿದವರಿಗೆ ಇನ್ನೊಂದು ಮುಜುಗರವೂ ಇದೆ. ಗಣಕದಲ್ಲಿ ಎಲ್ಲವೂ ಮುಕ್ತ ತಂತ್ರಾಂಶ ಎಂದು ಹೆಮ್ಮೆಪಟ್ಟು, ಮನೆಯ ಹಿರಿಯರ ನೆನಪನ್ನೆಲ್ಲ ಫೋನಿನ ಮೂಲಕ ಒಂದು ಕಂಪನಿಯ ಯಂತ್ರಕ್ಕೆ ಕೇಳಿಸುತ್ತಿದ್ದೇವೆ. 2022ರ ಸೆಪ್ಟೆಂಬರಿನಲ್ಲಿ ಓಪನ್‌ಎಐ ‘ವಿಸ್ಪರ್’ ಎಂಬುದನ್ನು ಮುಕ್ತವಾಗಿ ಬಿಟ್ಟಾಗ ಉತ್ಸಾಹ ಬಂದದ್ದು ಇದಕ್ಕೇ. ಅದು ನಮ್ಮ ಗಣಕದೊಳಗೇ ನಡೆಯುತ್ತದೆ, ದನಿ ಮನೆ ಬಿಟ್ಟು ಹೋಗುವುದಿಲ್ಲ. ಅದಕ್ಕೆ ಕಲಿ���ಿದ್ದು ಒಟ್ಟು 6,80,000 ಗಂಟೆಗಳ ಮಾತು. ಅದರಲ್ಲಿ ಕನ್ನಡದ ಪಾಲು ಕೆಲವೇ ಗಂಟೆ, ಒಂದು ಯಕ್ಷಗಾನದ ರಾತ್ರಿಗಿಂತ ಹೆಚ್ಚೇನಿಲ್ಲ. ಫಲವೂ ಹಾಗೆಯೇ ಇತ್ತು. ನಮ್ಮ ದೇಶದ ಪ್ರಯತ್ನಗಳು ಇದಕ್ಕಿಂತ ಹತ್ತಿರ ಬಂದಿವೆ. ಐಐಟಿ ಮದರಾಸಿನ ‘ಎಐ4ಭಾರತ್’ ಬಳಗ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ವಾಕ್ ಮಾದರಿಗಳನ್ನು ಮುಕ್ತವಾಗಿ ಕೊಟ್ಟಿದೆ. ಕೇಂದ್ರ ಸರ್ಕಾರದ ‘ಭಾಷಿಣಿ’ 2022ರ ಜುಲೈನಲ್ಲಿ ಆರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ಭಾಷೆಯನ್ನು ಬಿಟ್ಟು ಜಿಲ್ಲೆಯನ್ನು ಹಿಡಿದು ದನಿ ಕೂಡಿಸುತ್ತದೆ: ಈ ಜಿಲ್ಲೆಯ ಜನ ಹೇಗೆ ಮಾತಾಡುತ್ತಾರೋ ಹಾಗೆ. ಯೋಚನೆ ಒಳ್ಳೆಯದು. ಕಲಬುರಗಿಯ ಕನ್ನಡಕ್ಕೂ ಮಂಗಳೂರಿನ ಕನ್ನಡಕ್ಕೂ ಹೀಗೆ ನ್ಯಾಯ ಸಿಕ್ಕೀತು. ಠಾಣೆ ಜಿಲ್ಲೆಯ ಲೆಕ್ಕ ತೆಗೆದರೆ ಮರಾಠಿ ಬಂದೀತು, ಆಗರಿ ಬಂದೀತು, ಹಿಂದಿ ಬಂದೀತು. ಇಲ್ಲೇ ಮೂರು ತಲೆಮಾರು ಕಳೆದ, ಅರ್ಧ ಕುಂದಾಪುರ ಅರ್ಧ ಕಲ್ಯಾಣವಾದ ಕನ್ನಡ ಯಾವ ಜಿಲ್ಲೆಯ ಖಾತೆಗೆ ಬರೆಯಬೇಕು?

ಖಾತೆಗೆ ಸೇರಲಿ ಬಿಡಲಿ, ಮುದ್ರಿಸಿಟ್ಟ ದನಿಗಳಂತೂ ನಮ್ಮ ಬಳಿ ಬೆಳೆಯುತ್ತಿವೆ. ಪ್ರತಿ ಕಡತಕ್ಕೂ ಹೇಳಿದವರ ಊರು, ವಯಸ್ಸು, ಮುಂಬಯಿಗೆ ಬಂದ ವರ್ಷ ಬರೆದಿಡುತ್ತಿದ್ದೇವೆ. ಜೊತೆಗೆ ತಿದ್ದಿದ ಪಠ್ಯ ಯೂನಿಕೋಡಿನಲ್ಲಿ, ಹೇಳಿದವರ ಒಪ್ಪಿಗೆ ಇನ್ನೊಂದು ಹಾಳೆಯಲ್ಲಿ. ತಿದ್ದುವ ಕೆಲಸ ಹೆಚ್ಚಾಗಿ ವಾರಾಂತ್ಯದ್ದು. ಮೊಮ್ಮಕ್ಕಳು ಫೋನ್ ಹಿಡಿಯುತ್ತಾರೆ, ಅಜ್ಜ ಹೇಳುತ್ತಾರೆ, ಯಂತ್ರ ತನಗೆ ತೋಚಿದ್ದನ್ನು ಬರೆಯುತ್ತದೆ. ‘ಹ್ವಾಪ’ ಎಂಬಲ್ಲಿ ಅದು ಏನು ಬರೆದರೂ, ಯಾರಾದರೂ ಕಗಪ ಬಲ್ಲವರು ಕೂತು ಹಲಂತಕ್ಕೆ ಎಫ್ ಒತ್ತಿ ಅದನ್ನು ‘ಹ್ವಾಪ’ ಎಂದೇ ಮಾಡಬೇಕಾಗುತ್ತದೆ.